ಮಹಾವೀರಾಚಾರ್ಯನ ಒಂದು ನಿಷೇಧ

ಠಾಣೆಗೆ ಸಮೀಪದ ಕನ್ಹೇರಿಯ ಗುಹಾಶಾಸನಗಳಲ್ಲಿ ಕೊಂಕಣದ ಶಿಲಾಹಾರರ ಅಧಿರಾಜನಾಗಿ ಕಾಣಿಸುವ ಅಮೋಘವರ್ಷ ನೃಪತುಂಗನನ್ನೇ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಸ್ತುತಿಸಿರುವನು. ಕ್ರಿ. ಶ. 850ರ ಸುಮಾರಿನ ಈ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಋಣಸಂಖ್ಯೆಯು ಸ್ವಭಾವದಿಂದಲೇ ಯಾವುದರ ವರ್ಗವೂ ಆಗಲಾರದು, ಆ ಕಾರಣದಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಆಶಯದ ಮಾತೊಂದು ಅದರಲ್ಲಿ ಬರುತ್ತದೆ. ಇದರಲ್ಲಿ ಕಾಲ್ಪನಿಕ ಸಂಖ್ಯೆಯ ಮೊಳಕೆಯನ್ನು ಕಂಡು ಹಿಗ್ಗುವವರುಂಟು. ಅದು ಅಭಿಮಾನದ ಮಾತೇ ಹೊರತು ವಿಮರ್ಶೆಯಲ್ಲ.

ಆಚಾರ್ಯನ ವಾದ ಸ್ವಚ್ಛವಾದುದು. ಧನವನ್ನು ಧನದಿಂದ ಗುಣಿಸಿದರೂ ಋಣವನ್ನು ಋಣದಿಂದ ಗುಣಿಸಿದರೂ ಬರುವುದು ಧನವೇ. ಆದುದರಿಂದ ಆತನು ಬಲ್ಲ ಸಂಖ್ಯೆಗಳಲ್ಲಿ ‘ಯ² + 1’ ಎಂಬ ಬಹುಪದೋಕ್ತಿಯು ಅಪವರ್ತನಗಳಾಗಿ ಒಡೆಯದು. ಪರೀಕ್ಷಿಸಬೇಕಾದುದು ‘ಸ್ವಭಾವ’ವೆಂಬ ಮಾತನ್ನು: ಅದು ಯಾವ ಸಂಖ್ಯೆಗಳ ಸ್ವಭಾವ?

1843ರ ಅಕ್ಟೋಬರ್ 16ರಂದು ಡಬ್ಲಿನ್ನಿನಲ್ಲಿ ಹ್ಯಾಮಿಲ್ಟನ್ನನು ಮೂರು ಹೊಸ ಏಕಮಾನಗಳನ್ನು ಕಲ್ಪಿಸಿದನು. ಅವುಗಳನ್ನು ಅ, ಬ, ಕ ಎನ್ನೋಣ. ಪ್ರತಿಯೊಂದರ ವರ್ಗವೂ −1; ಅಬ = ಕ, ಆದರೆ ಬಅ = −ಕ. ಇಲ್ಲಿ ‘ಯ² + 1’ಕ್ಕೆ ಮೂಲಗಳು ಎರಡಲ್ಲ, ಅನಂತ. ಇದಕ್ಕೆ ತೆತ್ತ ಬೆಲೆ ಗುಣಾಕಾರದ ಪರಿವರ್ತನೀಯ ನಿಯಮ. ಆ ನಿಯಮದೊಡನೆ ಶಾಲೆಯಲ್ಲಿ ಕಲಿತ ಇನ್ನೊಂದು ನಂಬಿಕೆಯೂ ಹೋಗುತ್ತದೆ. ಗುಣಕಗಳನ್ನು ಎಡಗಡೆಯಲ್ಲಿರಿಸಿ ಬರೆದರೆ,

(ಯ − ಅ)(ಯ − ಬ) = ಯ² − (ಅ + ಬ)ಯ + ಕ.

ಬಲಗಡೆಯಲ್ಲಿ ‘ಯ’ ಇರುವೆಡೆ ‘ಬ’ವನ್ನಿಟ್ಟರೆ ಸೊನ್ನೆ ಬರುತ್ತದೆ, ‘ಅ’ವನ್ನಿಟ್ಟರೆ 2ಕ ಉಳಿಯುತ್ತದೆ. ಅಪವರ್ತನದಲ್ಲಿ ಎದ್ದು ಕಾಣುವ ‘ಅ’ ಮೂಲವೇ ಅಲ್ಲ! ಇಂತಹ ಬಹುಪದೋಕ್ತಿಗಳೆಲ್ಲವೂ ಒಂದನೆಯ ಘಾತದ ಅಪವರ್ತನಗಳಾಗಿ ಒಡೆಯುವುವೆಂಬುದು ಐವನ್ ನಿವೆನ್ 1941ರಲ್ಲಿ ತೋರಿಸಿದ ಫಲಿತಾಂಶದಿಂದ ಸಿದ್ಧವಾಗುತ್ತದೆ. ಒಡೆಯುವುದು ಖಚಿತ, ಒಡೆದ ತುಂಡುಗಳಿಂದ ಮೂಲಗಳನ್ನು ಓದುವುದು ಮಾತ್ರ ಹಿಂದಿನಂತೆ ಸುಲಭವಲ್ಲ.

ಕ್ಲಿಫರ್ಡನ ಬೀಜಗಣಿತವು ಇನ್ನೂ ಒಂದು ಹೆಜ್ಜೆ ಮುಂದಿನದು. ಯ² + ರ² ಎಂಬುದನ್ನು ಒಡೆಯಲು ಕಾಲ್ಪನಿಕ ಸಂಖ್ಯೆ ಸಾಕು. ಯ² + ರ² + ಲ² ಅದಕ್ಕೂ ಜಗ್ಗದು. 1878ರಲ್ಲಿ ಕ್ಲಿಫರ್ಡನು ತೆರೆದ ದಾರಿಯಲ್ಲಿ ತ, ದ, ನ ಎಂಬ ಏಕಮಾನಗಳನ್ನು ತೆಗೆದುಕೊಳ್ಳೋಣ. ಅವುಗಳ ವರ್ಗ 1; ಯಾವ ಎರಡನ್ನು ಅದಲುಬದಲು ಮಾಡಿ ಗುಣಿಸಿದರೂ ಚಿಹ್ನೆ ಬದಲಾಗುವುದು. ಆಗ (ತಯ + ದರ + ನಲ) ಎಂಬುದರ ವರ್ಗದಲ್ಲಿ ಅಡ್ಡಪದಗಳೆಲ್ಲ ಒಂದನ್ನೊಂದು ಅಳಿಸಿ ಯ² + ರ² + ಲ² ಮಾತ್ರ ಉಳಿಯುತ್ತದೆ. 1928ರಲ್ಲಿ ಡಿರಾಕ್ ಎಲೆಕ್ಟ್ರಾನಿನ ಸಮೀಕರಣವನ್ನು ಪಡೆದುದು ಇದೇ ಬಗೆಯ ಅಪವರ್ತನದಿಂದ.

ಹಾಗಾದರೆ ಮಹಾವೀರನ ಮಾತು ಸುಳ್ಳಾಯಿತೆ? ಇಲ್ಲ. ಅವನ ಸಂಖ್ಯೆಗಳ ಎಲ್ಲೆಯಲ್ಲಿ ಅದು ಇಂದಿಗೂ ನಿಜ. ಆ ಎಲ್ಲೆಯೇ ಗಣಿತದ ಎಲ್ಲೆಯೆಂದು ಬಗೆಯುವುದು ಒಂದು ತಪ್ಪು. ಎಲ್ಲೆಯಾಚೆಗಿನದನ್ನೂ ಅವನ ಹೆಸರಿಗೆ ಬರೆಯುವುದು ಮತ್ತೊಂದು. ಒಂದು ಪ್ರಶ್ನೆಗೆ ಉತ್ತರವಿಲ್ಲವೆಂದು ಸಕಾರಣವಾಗಿ ಹೇಳಬಲ್ಲವನು ಸಾಮಾನ್ಯನಲ್ಲ. ಪೂರ್ವಿಕರು ಎಲ್ಲವನ್ನೂ ಕಂಡಿದ್ದರೆಂದು ಸಾರಿದರೆ, ಅವರು ನಿಜವಾಗಿ ಕಂಡುದು ಮರೆಯಾಗುವುದು.