ಹೊಗಳಿಲ್ಲ ಸರಿ, ಆದ್ರೆ ಸತ್ತವರೆಲ್ಲಿ?

ಸ್ಲೇಯರ್ ಬ್ಯಾಂಡಿನ 'ಏಂಜಲ್ ಆಫ್ ಡೆತ್' ಬಂದಿದ್ದು 1986ರಲ್ಲಿ. ಆಶ್‌ವಿಟ್ಜ್ ಕ್ಯಾಂಪಿನಲ್ಲಿ ಅವಳಿ ಮಕ್ಕಳ ಮೇಲೆ ಪ್ರಯೋಗ ಮಾಡಿದ ನಾಜಿ ಡಾಕ್ಟರ್ ಮೆಂಗೆಲೆ ಬಗ್ಗೆ ಇರೋ ಹಾಡು. ಸಾಹಿತ್ಯ, ಮುಖಪುಟ ಎರಡನ್ನೂ ನೋಡಿ ಕೊಲಂಬಿಯಾ ಕಂಪನಿ ಆಲ್ಬಮ್ ಹಂಚೋಕೆ ಒಪ್ಪಲಿಲ್ಲ, ಗೆಫೆನ್ ಹಂಚಿತು. ಬ್ಯಾಂಡಿನವರೇ ನಾಜಿಗಳು ಅನ್ನೋ ಆರೋಪವೂ ಬಂತು. ಅವನು ಕೆಟ್ಟವನು ಅಂತ ಬಿಡಿಸಿ ಬೇರೆ ಹೇಳ್ಬೇಕಾ ಅನ್ನೋದು ಹಾಡು ಬರೆದ ಜೆಫ್ ಹ್ಯಾನೆಮನ್ ವಾದ.

ಒಪ್ಪೋಣ. ಹಾಡು ಅವನನ್ನು ಹೊಗಳೋದಿಲ್ಲ. ನನ್ನ ತಕರಾರು ಬೇರೆ. ಸಾಲುಗಳ ತುಂಬ ಹಿಂಸೆಯ ಪಟ್ಟಿ ಇದೆ, ಅದನ್ನು ಉಂಡವರಲ್ಲಿ ಒಬ್ಬರ ಹೆಸರೂ ಇಲ್ಲ, ಮುಖವೂ ಇಲ್ಲ. ಡೇವ್ ಲೊಂಬಾರ್ಡೊ ಡ್ರಮ್ಮಿನ ಓಟಕ್ಕೆ ಮೈ ಜುಮ್ಮೆನ್ನುತ್ತೆ. ಆ ಮಜಾದಲ್ಲಿ ಸತ್ತವರು ಬರೀ ಸರಕಾಗಿಬಿಡ್ತಾರೆ.

ಮುಂದೇನಾಯ್ತು ನೋಡಿ. 1988ರಲ್ಲಿ ಪಬ್ಲಿಕ್ ಎನಿಮಿ ಅನ್ನೋ ರ‍್ಯಾಪ್ ತಂಡ ಇದರ ನಡುವಿನ ಗಿಟಾರ್ ತುಣುಕನ್ನು ಎತ್ತಿಕೊಂಡು ಟಿವಿ ಹುಚ್ಚಿನ ಮೇಲೆ ಹಾಡು ಕಟ್ಟಿತು. 1990ರ 'ಗ್ರೆಮ್ಲಿನ್ಸ್ 2' ಸಿನಿಮಾದಲ್ಲೂ ಇದು ಕೇಳಿಸುತ್ತೆ. ಗಿಟಾರ್ ಎಲ್ಲ ಕಡೆ ಸುತ್ತಾಡಿತು, ಆಶ್‌ವಿಟ್ಜ್ ದಾರಿಯಲ್ಲೇ ಉದುರಿಹೋಯ್ತು.

ಮೆಂಗೆಲೆ ಶಿಕ್ಷೆಯೇ ಆಗದೆ 1979ರಲ್ಲಿ ಬ್ರೆಜಿಲ್‌ನಲ್ಲಿ ಸತ್ತ. ಹಾಡು ಕೇಳಿ, ಬೇಡ ಅನ್ನಲ್ಲ. ಆಮೇಲೆ, ಅವನ ಕೈಯಿಂದ ಬದುಕಿ ಬಂದ ಅವಳಿ ಇವಾ ಕೋರ್ ಹೇಳಿದ್ದನ್ನೂ ಓದಿ. ಹಾಡಿನಲ್ಲಿಲ್ಲದ ಮುಖ ಅಲ್ಲಿದೆ.