ಸೂಜಿಮೊನೆಯ ವಂಶವಾಹಿ

ನಮ್ಮ ದೇವಸಮುದ್ರದ ಕಡೆ ಕುರಿರೊಪ್ಪಕ್ಕೆ ನಾಯಿಯೇ ಕಾವಲು. ಅದಕ್ಕೆ ಹುಚ್ಚು (ರೇಬೀಸ್) ಹಿಡಿದರೆ ಕಚ್ಚಿಸಿಕೊಂಡ ಕುರಿಗೂ ಕುರಿಗಾಹಿಗೂ ಪ್ರಾಣಾಪಾಯ. ಹಾಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಎನ್. ರಂಗರಾಜನ್ ತಂಡ ರೂಪಿಸಿದ ರೇಬೀಸ್ ಡಿಎನ್‌ಎ ಲಸಿಕೆ ನನಗೆ ಅಚ್ಚುಮೆಚ್ಚು. ವೈರಸ್ಸಿನ ಹೊರಮೈಯ ಒಂದೇ ಪ್ರೋಟೀನಿನ ವಂಶವಾಹಿಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ ಸ್ನಾಯುವಿಗೆ ಚುಚ್ಚುತ್ತಾರೆ. ಸ್ನಾಯುಕೋಶ ತಾನೇ ಆ ಪ್ರೋಟೀನನ್ನು ತಯಾರಿಸುತ್ತದೆ. ಮೈ ಅದನ್ನು ಗುರುತಿಸಿ ಪ್ರತಿಕಾಯ ಕಟ್ಟಿಕೊಳ್ಳುತ್ತದೆ.

ಇಲಿಯಲ್ಲಿ ಚೆನ್ನಾಗಿ ಫಲಿಸುವ ಡಿಎನ್‌ಎ ಲಸಿಕೆ ದೊಡ್ಡ ಪ್ರಾಣಿಗಳಲ್ಲಿ ಸೊರಗುವುದು ಹಳೆಯ ತೊಡಕು. ಈ ತಂಡ ತನ್ನ ಡಿಎನ್‌ಎ ಲಸಿಕೆಗೆ ನಿಷ್ಕ್ರಿಯ ವೈರಸ್ಸಿನ ಲಸಿಕೆಯನ್ನು ತುಸುವೇ ಬೆರೆಸಿತು. ಎಂಥ ಜಾಣ್ಮೆ! ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗಿನ ಈ ಕೆಲಸ 2001ರಲ್ಲಿ ಪ್ರಕಟವಾಯಿತು. ಇಲಿಯಲ್ಲಷ್ಟೇ ಅಲ್ಲ, ದನದಲ್ಲೂ ಬೆರಕೆಯೇ ಗೆದ್ದಿತ್ತು.