ತಾಯಿಯ ಹಕ್ಕಿಗೆ ಒಂದು ತಾರೀಖು

1955ರ ಪೌರತ್ವ ಅಧಿನಿಯಮವನ್ನು ವಕೀಲರೂ ದೂತಾವಾಸದ ಅಧಿಕಾರಿಗಳೂ ಓದುವ ಬಗೆಯೊಂದು. ಒಂದೊಂದು ಶಬ್ದದ ಹಿಂದೆಯೂ ಎಂತಹ ಮನೋಭಾವ ನೆಲಸಿದೆಯೆಂದು ವಿಚಾರಿಸುತ್ತ, ಗ್ರಂಥವೊಂದನ್ನು ಓದುವಂತೆ ಅದನ್ನು ಓದುವ ಬಗೆ ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಓದಿದಾಗ, ಅದರ ನಾಲ್ಕನೆಯ ಪ್ರಕರಣದಲ್ಲಿ ಮೂವತ್ತೇಳು ವರ್ಷಗಳ ಕಾಲ ಅಲುಗದೆ ಕುಳಿತಿದ್ದ ಒಂದು ಪದ ನನ್ನನ್ನು ಬಹಳವಾಗಿ ಬಾಧಿಸುತ್ತದೆ. ಆ ಪದ ‘ತಂದೆ’.

ಭಾರತದ ಹೊರಗೆ ಜನಿಸಿದ ಶಿಶು ವಂಶಾನುಗತವಾಗಿ ಭಾರತದ ಪೌರನೆನಿಸಬೇಕಾದರೆ, ಅದರ ಜನನಕಾಲದಲ್ಲಿ ತಂದೆ ಭಾರತೀಯನಾಗಿರಬೇಕೆಂದು ಆ ಪ್ರಕರಣ ವಿಧಿಸಿತ್ತು. ತಾಯಿಯ ಮಾತೇ ಅಲ್ಲಿರಲಿಲ್ಲ. ಅಂದಿನ ಕಾಲಧರ್ಮವೇ ಹಾಗಿತ್ತೆಂದು ಸಮಾಧಾನ ಹೇಳುವವರುಂಟು. ಆದರೆ 1949ರ ನವೆಂಬರ್ 26ರಂದೇ ಜಾರಿಗೆ ಬಂದ ಸಂವಿಧಾನದ ಪೌರತ್ವ ವಿಧಿಗಳನ್ನು ತೆರೆದು ನೋಡಿದರೆ ಈ ಸಮಾಧಾನ ನಿಲ್ಲಲಾರದು. ಐದನೆಯ ಅನುಚ್ಛೇದ ತಂದೆತಾಯಿಗಳಲ್ಲಿ ಯಾರೊಬ್ಬರು ಈ ನೆಲದಲ್ಲಿ ಹುಟ್ಟಿದ್ದರೂ ಒಪ್ಪುತ್ತದೆ. ಎಂಟನೆಯದು ಹೊರನಾಡಿನಲ್ಲಿ ನೆಲಸಿದ ಭಾರತೀಯ ಮೂಲದವರನ್ನು ಕುರಿತು ಇನ್ನೂ ಮುಂದುವರಿದು, ಅಜ್ಜ ಅಜ್ಜಿಯರಲ್ಲಿ ಒಬ್ಬರ ಜನ್ಮಭೂಮಿ ಅವಿಭಕ್ತ ಭಾರತವಾಗಿದ್ದರೂ ಸಾಕೆನ್ನುತ್ತದೆ. ಸಂವಿಧಾನಕರ್ತರು ಇಷ್ಟು ವಿಶಾಲವಾಗಿ ತೆರೆದಿದ್ದ ಬಾಗಿಲನ್ನು ಆರೇ ವರ್ಷಗಳಲ್ಲಿ ಅರ್ಧ ಮುಚ್ಚಿದುದು ಕಾಲಧರ್ಮವಲ್ಲ, ಹಿಂಜರಿತ.

ಈ ಹಿಂಜರಿತ ನಮ್ಮ ಕರಾವಳಿಯವರಿಗೆ ಎಷ್ಟು ವಿಚಿತ್ರವಾಗಿ ತೋರಿರಬೇಕು! ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ, ಎಂದರೆ ಗೋತ್ರ, ತಾಯಿಯಿಂದ ಬರತಕ್ಕುದು, ಮನೆತನ ತಾಯಿಯಿಂದ ಮುಂದುವರಿಯತಕ್ಕುದು. ಆ ಕಟ್ಟನ್ನು ಮನ್ನಿಸಿ ಮದರಾಸಿನ ಶಾಸನಸಭೆ 1949ರಲ್ಲಿ ಪ್ರತ್ಯೇಕ ಶಾಸನವನ್ನೇ ರಚಿಸಿತ್ತು. ಅಂತಹ ಮನೆಯ ಮಗಳು ಪರದೇಶದವನನ್ನು ವರಿಸಿ ಅಲ್ಲಿಯೇ ಹೆತ್ತಳೆನ್ನಿ. ಕೂಸು ಅವಳ ಬಳಿಗೆ ಸೇರಿತು, ಮೂಲಮನೆಯಾದ ತರವಾಡಿಗೆ ಸೇರಿತು, ಭೂತದ ಕೋಲದ ದಿನ ಮನೆಯವರ ನಡುವೆ ನಿಲ್ಲುವ ಸ್ಥಾನವೂ ಅದಕ್ಕೆ ದೊರೆಯಿತು. ದೊರೆಯದಿದ್ದುದು ಅವಳ ದೇಶದ ಪೌರತ್ವ ಮಾತ್ರ.

1992ರ ಜುಲೈಯಲ್ಲಿ ಆಫ್ರಿಕದ ಬೋಟ್ಸ್ವಾನದಲ್ಲಿ ಯೂನಿಟಿ ಡೋ ಎಂಬ ನ್ಯಾಯವಾದಿ, ಅಮೆರಿಕದ ಪತಿಯಿಂದ ತಾನು ಪಡೆದ ಮಕ್ಕಳು ತನ್ನ ನಾಡಿನವರಲ್ಲವೆಂದ ಕಾನೂನನ್ನು ಪ್ರಶ್ನಿಸಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯದಲ್ಲಿ ಜಯಗಳಿಸಿದರು. ಆ ನ್ಯಾಯಾಲಯ ತಾಯಿಯನ್ನು ಹೊರಗಿಟ್ಟುದನ್ನೇ ಸಂವಿಧಾನವಿರುದ್ಧವೆಂದು ಸಾರಿತು. ಅದೇ ವರ್ಷ ನಮ್ಮ ಸಂಸತ್ತೂ ತಿದ್ದುಪಡಿ ಮಾಡಿ ತಂದೆಯೊಡನೆ ತಾಯಿಯನ್ನೂ ಕೂರಿಸಿತು. ಇದು ಸ್ತುತ್ಯರ್ಹವಾದ ಕಾರ್ಯವೇ ಸರಿ. ಆದರೆ ಆ ತಿದ್ದುಪಡಿ ಮುಂದಕ್ಕೆ ಮಾತ್ರ ನೋಡಿತು. 1992ರ ಡಿಸೆಂಬರ್ 10ಕ್ಕಿಂತ ಮೊದಲು ಹುಟ್ಟಿದವರ ಪಾಲಿಗೆ ಇಂದಿಗೂ ‘ತಂದೆ’ ಎಂಬ ಪದವೇ ಉಳಿದಿದೆ. ಒಂದೇ ತಾಯಿ, ಒಂದೇ ಪರದೇಶದ ಊರು; 1990ರಲ್ಲಿ ಹುಟ್ಟಿದ ಅಕ್ಕ ಪರಕೀಯಳು, 1994ರಲ್ಲಿ ಹುಟ್ಟಿದ ತಮ್ಮ ಭಾರತೀಯ. ಅಕ್ಕ ಇಲ್ಲಿಗೆ ಬಂದು ವರ್ಷಗಟ್ಟಲೆ ವಾಸಿಸಿ ನೋಂದಣಿಯ ಮೂಲಕ ಪೌರತ್ವವನ್ನು ಬೇಡಬಹುದೆಂಬುದು ನಿಜ. ಬೇಡಿ ಪಡೆದುದು ಹುಟ್ಟಿನಿಂದ ಬಂದುದಕ್ಕೆ ಸಮನಾದೀತೆ? ತಪ್ಪೆಂದು ಒಪ್ಪಿ ತಿದ್ದಿದ ಮೇಲೆ, ಆ ತಪ್ಪಿನಿಂದ ನೊಂದವರನ್ನೇ ಹೊರಗಿಡುವ ತಿದ್ದುಪಡಿಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ದಾಂಪತ್ಯದ ಹಕ್ಕಿನ ಕಥೆಯೂ ಇದರ ಒಡಹುಟ್ಟಿದುದೇ. ಮೂಲ ಅಧಿನಿಯಮದ ಐದನೆಯ ಪ್ರಕರಣ ಭಾರತೀಯರನ್ನು ವಿವಾಹವಾದ ಸ್ತ್ರೀಯರಿಗೆ ಮಾತ್ರ ನೋಂದಣಿಯ ಅವಕಾಶವಿತ್ತಿತ್ತು; ಭಾರತೀಯಳ ಕೈಹಿಡಿದ ಪರದೇಶದ ಗಂಡಿಗೆ ಆ ದಾರಿಯಿರಲಿಲ್ಲ. ಪತ್ನಿ ಪತಿಯನ್ನು ಅನುಸರಿಸುವಳೇ ಹೊರತು ಪತಿ ಪತ್ನಿಯನ್ನು ಅನುಸರಿಸನೆಂಬ ಗ್ರಹಿಕೆ ಅದರ ಬೇರು. 1986ರಲ್ಲಿ ‘ಸ್ತ್ರೀಯರು’ ಹೋಗಿ ‘ವ್ಯಕ್ತಿಗಳು’ ಬಂದಿತು. ಇಡೀ ಅಧಿನಿಯಮದಲ್ಲಿ ಇಷ್ಟು ಚೊಕ್ಕವಾದ ತಿದ್ದುಪಡಿ ಮತ್ತೊಂದಿಲ್ಲವೆಂದು ನನ್ನ ಭಾವನೆ. ಈಗ ಅಂತಹ ವ್ಯಕ್ತಿ ಏಳು ವರ್ಷ ಇಲ್ಲಿ ವಾಸಿಸಿರಬೇಕು. ಅಲ್ಲಿಯವರೆಗೆ, ನೋಂದಾಯಿತ ವಿವಾಹಕ್ಕೆ ಎರಡು ವರ್ಷ ತುಂಬಿದ ಬಳಿಕ ಸಿಗುವ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡೇ ಆಧಾರ. ಅದರಿಂದ ಮತವಿಲ್ಲ, ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಇವು ಸಹ್ಯ. ಸಹ್ಯವಲ್ಲದುದು, ವಿವಾಹ ವಿಚ್ಛೇದನವಾದರೆ ಕಾರ್ಡನ್ನೇ ರದ್ದುಪಡಿಸಬಹುದೆಂಬ ನಿಯಮ. ಹತ್ತು ವರ್ಷ ಇಲ್ಲಿ ಸಂಸಾರ ಮಾಡಿ, ಭಾರತೀಯ ಮಕ್ಕಳನ್ನು ಸಾಕುತ್ತಿರುವವಳ ನೆಲೆ ಗಂಡನ ಮನಸ್ಸಿನ ಮೇಲೆ ನಿಂತಂತಾಯಿತು. ಅವಳು ಮಕ್ಕಳ ತಾಯಿಯಾಗಿರುವುದು ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ.

ಮಕ್ಕಳ ಪಾಡೂ ಸುಲಭವಲ್ಲ. 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಕೂಸಿನ ಜನನವನ್ನು ಒಂದು ವರ್ಷದೊಳಗೆ ದೂತಾವಾಸದಲ್ಲಿ ದಾಖಲಿಸಬೇಕು, ತಪ್ಪಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಕೂಸಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಘೋಷಿಸಬೇಕು. ಪರದೇಶದ ತಂದೆಯಿಂದಲೋ ತಾಯಿಯಿಂದಲೋ ಇನ್ನೊಂದು ಪೌರತ್ವವೂ ಬಂದಿದ್ದರೆ, ಪ್ರಾಪ್ತವಯಸ್ಸಿನ ಆರು ತಿಂಗಳೊಳಗೆ ಅದನ್ನು ತ್ಯಜಿಸದಿದ್ದಲ್ಲಿ ಭಾರತೀಯತ್ವ ತಾನಾಗಿ ಕಳಚಿಹೋಗುತ್ತದೆ. ಏಕಪೌರತ್ವದ ತತ್ತ್ವವನ್ನು ನಾನು ಗೌರವಿಸುತ್ತೇನೆ. ಆದರೂ ಹದಿನೆಂಟರ ಹರೆಯದವರಿಗೆ, ತಂದೆಯ ದೇಶವೋ ತಾಯಿಯ ದೇಶವೋ ಎಂದು ನಿರ್ಧರಿಸಲು ಆರು ತಿಂಗಳು ತೀರ ಕಡಮೆ.

ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದುದು ನಾಲ್ಕನೆಯ ಪ್ರಕರಣದ ಮೊದಲ ಖಂಡದ ದುರಸ್ತಿ. ಅಲ್ಲಿರುವ ‘ತಂದೆ’ಯನ್ನು ತೆಗೆದು, ಅದರ ಕೆಳಗಿನ ಖಂಡದಲ್ಲಿ 1992ರಿಂದ ಇರುವ, ಸಂವಿಧಾನದ ಐದನೆಯ ಅನುಚ್ಛೇದ 1949ರಲ್ಲಿಯೇ ಬಳಸಿದ್ದ, ತಂದೆತಾಯಿಗಳಲ್ಲಿ ಒಬ್ಬರೆಂಬ ಮಾತನ್ನೇ ಮೇಲಿನ ಸಾಲಿಗೂ ತಂದಿಟ್ಟರೆ 1990ರ ಆ ಅಕ್ಕ ತಮ್ಮನ ಪಕ್ಕಕ್ಕೆ ಬಂದು ನಿಲ್ಲುವಳು.